ಇಂಗ್ಲಿಷ್ ಮಾಸ್ತರರ ಕೊರಳಿಗೆ ಯಾವ ಹಾರ?

(ಹಾರವಾಡದಲ್ಲಿ ಇಂಗ್ಲಿಷ್ ಶಿಕ್ಷಕರ ಗೌರವಾರ್ಥ ಸೇರಿದ ಸಭೆಗಾಗಿ ಸಿದ್ಧಪಡಿಸಿದ ಭಾಷಣದ ಪಾಠ)



1941ರಲ್ಲಿ ಕನ್ನಡಿಗರು ತಮ್ಮ ಗುರುವೊಬ್ಬರಿಗೆ ‘ಸಂಭಾವನೆ’ ಎಂಬ ಗ್ರಂಥವನ್ನು ಅರ್ಪಿಸಿದರು. ಅಭಿನಂದನ ಗ್ರಂಥವೆಂಬುದು ಕನ್ನಡದಲ್ಲಿ ಇನ್ನೂ ಕಣ್ಣು ಬಿಡುತ್ತಿದ್ದ ಕಾಲವದು. ಮುಂದೆ ಅವು ಮದುವೆಯ ಕರೆಯೋಲೆಗಳಷ್ಟು ಹೇರಳವಾದ ಕತೆ ಬೇರೆ. ಗ್ರಂಥ ಸ್ವೀಕರಿಸಿದ ಗುರು ಬಿ.ಎಂ. ಶ್ರೀಕಂಠಯ್ಯನವರು. ನಾಡು ಅವರನ್ನು ‘ಕನ್ನಡದ ಕಣ್ವ’ ಎಂದು ಕರೆಯಿತು. ಆದರೆ ಮೈಸೂರಿನ ಮಹಾರಾಜಾ ಕಾಲೇಜಿನಲ್ಲೂ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲೂ ಅವರು ಸಂಬಳ ಪಡೆದದ್ದು ಇಂಗ್ಲಿಷ್ ಪಾಠಕ್ಕೆ. 1911ರಲ್ಲಿ ಧಾರವಾಡಕ್ಕೆ ಬಂದು ಕನ್ನಡ ಮಾತು ತಲೆಯೆತ್ತುವ ಬಗೆ ಯಾವುದೆಂದು ಭಾಷಣ ಮಾಡಿದಾಗಲೂ, 1926ರಲ್ಲಿ ‘ಇಂಗ್ಲಿಷ್ ಗೀತಗಳು’ ಸಂಕಲನದಿಂದ ಹೊಸಗನ್ನಡ ಕಾವ್ಯಕ್ಕೆ ದಾರಿ ತೆರೆದಾಗಲೂ ಅವರು ಇಂಗ್ಲಿಷ್ ಮೇಷ್ಟರೇ.

ಈ ಸಾಲು ಉದ್ದವಿದೆ. ವಿ.ಕೃ. ಗೋಕಾಕರು ಆಕ್ಸ್‌ಫರ್ಡಿನಲ್ಲಿ ಇಂಗ್ಲಿಷ್ ಓದಿ ಬಂದವರು. ಭಾರತದಲ್ಲಿ ಇಂಗ್ಲಿಷ್ ಶಿಕ್ಷಕರನ್ನು ತಯಾರು ಮಾಡಲೆಂದೇ 1958ರಲ್ಲಿ ಹೈದರಾಬಾದಿನಲ್ಲಿ ಹುಟ್ಟಿದ ಕೇಂದ್ರೀಯ ಇಂಗ್ಲಿಷ್ ಸಂಸ್ಥೆಯ ನಿರ್ದೇಶಕರಾಗಿದ್ದವರು. 1981ರಲ್ಲಿ ಶಾಲೆಗಳಲ್ಲಿ ಕನ್ನಡಕ್ಕೆ ಅಗ್ರಸ್ಥಾನ ಬೇಕೆಂದು ವರದಿ ಕೊಟ್ಟವರೂ ಅವರೇ. ಇದೇ ಉತ್ತರ ಕನ್ನಡ ಜಿಲ್ಲೆಯ ಹಳಿಯಾಳದಲ್ಲಿ 1929ರಲ್ಲಿ ಹುಟ್ಟಿದ ಶಾಂತಿನಾಥ ದೇಸಾಯಿಯವರು ಕೊಲ್ಹಾಪುರದ ಶಿವಾಜಿ ವಿಶ್ವವಿದ್ಯಾಲಯದಲ್ಲಿ ಇಂಗ್ಲಿಷ್ ಪ್ರಾಧ್ಯಾಪಕರಾಗಿದ್ದರು, ಕುವೆಂಪು ವಿಶ್ವವಿದ್ಯಾಲಯದ ಮೊದಲ ಕುಲಪತಿಯೂ ಆದರು. ಅವರು ತೀರಿಕೊಂಡ ಮೇಲೆ ‘ಓಂ ಣಮೋ’ ಕಾದಂಬರಿಗೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು.

ಹೀಗೆ ಕರ್ನಾಟಕ ತನ್ನ ಇಂಗ್ಲಿಷ್ ಅಧ್ಯಾಪಕರನ್ನು ಗೌರವಿಸಿಲ್ಲ ಎನ್ನುವಂತಿಲ್ಲ. ಧಾರಾಳವಾಗಿಯೇ ಗೌರವಿಸಿದೆ. ಆದರೆ ಆ ಗೌರವದಲ್ಲೊಂದು ವಿಚಿತ್ರವಿದೆ. ಇವರೆಲ್ಲರಿಗೆ ಹಾರ ಬಿದ್ದದ್ದು ಇಂಗ್ಲಿಷನ್ನು ಚೆನ್ನಾಗಿ ಕಲಿಸಿದರೆಂದಲ್ಲ, ಇಂಗ್ಲಿಷ್ ಕಲಿಸುತ್ತಲೇ ಕನ್ನಡಕ್ಕೆ ದುಡಿದರೆಂದು. ಅದು ಸಲ್ಲಬೇಕಾದ ಗೌರವವೇ. ಆದರೆ ಕಾದಂಬರಿ ಬರೆಯದ, ವರದಿ ಕೊಡದ, ಐದನೇ ಇಯತ್ತೆಯ ಮಗುವಿನ ಬಾಯಲ್ಲಿ ಮೊದಲ ಇಂಗ್ಲಿಷ್ ವಾಕ್ಯ ಮೂಡಿಸಿ, ಸಂಜೆ ಸೈಕಲ್ಲೇರಿ ಮನೆಗೆ ಹೋದ ಮಾಸ್ತರರು ಈ ಲೆಕ್ಕದಲ್ಲಿ ಎಲ್ಲಿ ಬರುತ್ತಾರೆ? ಅವರು ಮಾಡಿದ ಕೆಲಸವನ್ನು ಆ ಕೆಲಸಕ್ಕಾಗಿಯೇ ಮೆಚ್ಚುವ ಅಳತೆಗೋಲು ಕನ್ನಡ ನಾಡಿನಲ್ಲಿ ಬೆಳೆದಿದೆಯೇ? ಇಂದಿನ ಸಭೆಯ ಮುಂದಿರುವ ಪ್ರಶ್ನೆ ಇದು.

ಈ ಜಿಲ್ಲೆಗೂ ಇಂಗ್ಲಿಷಿಗೂ ಇರುವ ನಂಟು ಹಳೆಯದು. 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸಿನಿಂದ ಬಿಡಿಸಿ ಮುಂಬಯಿ ಪ್ರಾಂತಕ್ಕೆ ಸೇರಿಸಲಾಯಿತು, ಕಾರವಾರ ಜಿಲ್ಲಾ ಕೇಂದ್ರವಾಯಿತು. ಅಲ್ಲಿಂದ 1956ರ ತನಕ ಇಲ್ಲಿಯ ಶಾಲೆಗಳ ದೊರೆ ಮುಂಬಯಿ. ಕನ್ನಡ ಶಾಲೆಯಲ್ಲಿ ಏಳನೇ ಇಯತ್ತೆಯವರೆಗೆ ಓದಿ ಮುಲ್ಕಿ ಪರೀಕ್ಷೆ ಪಾಸಾದವನಿಗೆ ಊರಿನಲ್ಲೇ ಮಾಸ್ತರಿಕೆಯೋ ಕಾರಕೂನಿಕೆಯೋ ಸಿಕ್ಕೀತು. ಅದರಾಚೆ ಹೋಗಬೇಕೆಂದರೆ ನಾಲ್ಕನೇ ಇಯತ್ತೆಯ ನಂತರ ಎ.ವಿ. ಸ್ಕೂಲು, ಅಂದರೆ ಇಂಗ್ಲಿಷ್ ಮತ್ತು ದೇಶಭಾಷೆ ಎರಡನ್ನೂ ಕಲಿಸುವ ಶಾಲೆ ಸೇರಬೇಕು. ಅಲ್ಲಿ ಇಯತ್ತೆಗಳ ಎಣಿಕೆ ಮತ್ತೆ ಒಂದರಿಂದ ಶುರು, ಏಳನೆಯದಕ್ಕೆ ಮೆಟ್ರಿಕ್. ಎರಡೂ ‘ಏಳನೆಯ ಇಯತ್ತೆ’ಯೇ, ಆದರೆ ಒಂದು ಏಳು ಊರಿನ ಗಡಿಯಲ್ಲಿ ನಿಲ್ಲಿಸುತ್ತಿತ್ತು, ಇನ್ನೊಂದು ಮುಂಬಯಿಯ ಹಡಗು ಹತ್ತಿಸುತ್ತಿತ್ತು. ಈ ಎರಡರ ನಡುವೆ ಇದ್ದದ್ದು ಒಬ್ಬ ಇಂಗ್ಲಿಷ್ ಮಾಸ್ತರ.

ಸ್ವಾತಂತ್ರ್ಯದ ನಂತರ ಬಾಳಾಸಾಹೇಬ ಖೇರರ ಮುಂಬಯಿ ಸರಕಾರ ಇಂಗ್ಲಿಷನ್ನು ಎಂಟನೇ ಇಯತ್ತೆಗೆ ತಳ್ಳಿತು. ರಾಜ್ಯ ಒಂದಾದ ಮೇಲೆ ಅದು ಐದನೇ ಇಯತ್ತೆಗೆ ಇಳಿಯಿತು. 2007ರಲ್ಲಿ ಒಂದನೇ ಇಯತ್ತೆಗೇ ಬಂತು. ಸರಕಾರದ ಆದೇಶದಲ್ಲಿ ಇದು ಒಂದು ಸಾಲಿನ ಬದಲಾವಣೆ. ಶಾಲೆಯಲ್ಲಿ ಮಾತ್ರ, ಎಂಟರ ಮಗುವಿಗೆ ಕಲಿಸುವ ವಿದ್ಯೆಯೇ ಬೇರೆ, ಆರು ವರ್ಷದ ಮಗುವಿಗೆ ಕಲಿಸುವ ವಿದ್ಯೆಯೇ ಬೇರೆ.

ಇಂಗ್ಲಿಷನ್ನು ಏತಕ್ಕಾಗಿ ಕಲಿಯಬೇಕು ಎಂಬುದಕ್ಕೆ ಈ ತಾಲೂಕು ಒಂದು ಒಳ್ಳೆಯ ಉತ್ತರ ಕೊಟ್ಟಿದೆ. ಅಂಕೋಲೆಯವರಾದ ದಿನಕರ ದೇಸಾಯಿಯವರನ್ನು (1909–1982) ನಾಡು ಚುಟುಕಗಳ ಕವಿಯೆಂದು ಬಲ್ಲದು. ಭಾರತ ಸೇವಕ ಸಮಾಜದ ಸದಸ್ಯರಾಗಿ ಮುಂಬಯಿಯಲ್ಲಿದ್ದಾಗ ಅವರು ಇಂಗ್ಲಿಷಿನಲ್ಲಿ ಎರಡು ಪುಸ್ತಕ ಬರೆದರೆಂಬುದು ಅಷ್ಟಾಗಿ ನೆನಪಿನಲ್ಲಿಲ್ಲ. 1938ರಲ್ಲಿ ಬಂದದ್ದು ಭಾರತದ ಪ್ರಾಥಮಿಕ ಶಿಕ್ಷಣದ ಮೇಲೆ, 1940ರಲ್ಲಿ ಬಂದದ್ದು ಹಡಗಿನ ಕೆಲಸಗಾರರ ಸ್ಥಿತಿಗತಿಯ ಮೇಲೆ. ಹಡಗಿನ ಆಳುಗಳ ಕಷ್ಟವನ್ನು ಹಡಗಿನ ಮಾಲೀಕರಿಗೆ ಅರ್ಥವಾಗುವ ಭಾಷೆಯಲ್ಲೇ ಹೇಳಬೇಕಾಗಿತ್ತು, ಹೇಳಿದರು. ಊರಿನ ರೈತನಿಗೆ ಹೇಳಬೇಕಾದ್ದನ್ನು ನಾಲ್ಕು ಸಾಲಿನ ಕನ್ನಡದಲ್ಲಿ ಹೇಳಿದರು. ಮುಂದೆ 1953ರಲ್ಲಿ ಕೆನರಾ ವೆಲ್ಫೇರ್ ಟ್ರಸ್ಟ್ ಕಟ್ಟಿ, ಹೈಸ್ಕೂಲು ಕಾಣದ ಹಳ್ಳಿಗಳಿಗೆ ಹೈಸ್ಕೂಲು ತಂದರು. ಗೋಖಲೆಯವರ ಶತಮಾನೋತ್ಸವದ 1966ರಲ್ಲಿ ಅಂಕೋಲೆಗೆ ಕಾಲೇಜೂ ಬಂತು. ಆ ಗೋಖಲೆಯವರೂ ಪುಣೆಯಲ್ಲಿ ಮಾಸ್ತರರಾಗಿದ್ದವರೇ.

ಗಂಗಾವಳಿ ಹೊಳೆಯಾಚೆ ಗೋಕರ್ಣದ ಭದ್ರಕಾಳಿ ಹೈಸ್ಕೂಲಿನಲ್ಲಿ ಗೌರೀಶ ಕಾಯ್ಕಿಣಿಯವರು, ಅಲ್ಲೇ ಸಮೀಪದ ಬಂಕಿಕೊಡ್ಲದ ಆನಂದಾಶ್ರಮ ಹೈಸ್ಕೂಲಿನಲ್ಲಿ ಸು.ರಂ. ಎಕ್ಕುಂಡಿಯವರು ದಶಕಗಳ ಕಾಲ ಶಿಕ್ಷಕರಾಗಿದ್ದರು. ಪಶ್ಚಿಮದ ಸಾಹಿತ್ಯ, ವಿಚಾರಗಳನ್ನು ಅರಗಿಸಿಕೊಂಡು ಕನ್ನಡದಲ್ಲಿ ಹಂಚಿದ ಗೌರೀಶರು ಬೇಕಾದರೆ ಯಾವ ವಿಶ್ವವಿದ್ಯಾಲಯದಲ್ಲೂ ಇರಬಹುದಿತ್ತು. ಇದ್ದದ್ದು ಹಳ್ಳಿಯ ಹೈಸ್ಕೂಲಿನಲ್ಲಿ. ಎಕ್ಕುಂಡಿಯವರಿಗೆ 1992ರಲ್ಲಿ ‘ಬಕುಲದ ಹೂವುಗಳು’ ಸಂಕಲನಕ್ಕೆ ಅಕಾಡೆಮಿ ಪ್ರಶಸ್ತಿ ಬಂದಾಗ ಜಿಲ್ಲೆ ಹಿಗ್ಗಿದ್ದು ಒಬ್ಬ ಮಾಸ್ತರರಿಗೆ ಬಂತೆಂದು. ಆದರೂ ಅದು ಕವಿತೆಗೆ ಬಂದ ಪ್ರಶಸ್ತಿ, ಪಾಠಕ್ಕಲ್ಲ.

ಈಗ ಹಾರವಾಡದ ಮಗುವಿನ ಕಡೆ ತಿರುಗಬಹುದು.

ಸರಕಾರಿ ಕಾಗದಪತ್ರದಲ್ಲಿ ಈ ಮಗುವಿಗೆ ಇಂಗ್ಲಿಷ್ ‘ದ್ವಿತೀಯ ಭಾಷೆ’. ಎಸ್ಸೆಸ್ಸೆಲ್ಸಿಯಲ್ಲಿ ದಶಕಗಳಿಂದ ರೂಢಿಯಲ್ಲಿ ಬಂದ 625 ಅಂಕಗಳ ಲೆಕ್ಕದಲ್ಲಿ ಪ್ರಥಮ ಭಾಷೆಗೆ 125, ದ್ವಿತೀಯ ಭಾಷೆಗೆ 100, ತೃತೀಯ ಭಾಷೆಗೆ 100. ಆದರೆ ಕಡಲಿಗೂ ಗುಡ್ಡಕ್ಕೂ ನಡುವಿನ ಈ ಪಟ್ಟಿಯಲ್ಲಿ ಬೆಳೆಯುವ ಮಗು ಈ ಕ್ರಮದಲ್ಲಿ ಎಣಿಸುವುದಿಲ್ಲ. ಮೀನುಗಾರರ ಮನೆಯಲ್ಲಿ ಕೊಂಕಣಿ. ಹಾಲಕ್ಕಿ ಕೊಪ್ಪದಲ್ಲಿ ಅವರದೇ ಕನ್ನಡ. ಪುಸ್ತಕದಲ್ಲಿ ಬೆಂಗಳೂರಿನ ಕನ್ನಡ. ಕಾರವಾರದ ಪೇಟೆಗೆ ಹೋದರೆ ಮರಾಠಿಯೂ ಕಿವಿಗೆ ಬೀಳುತ್ತದೆ, ಟಿವಿಯಲ್ಲಿ ಹಿಂದಿ. ‘ದ್ವಿತೀಯ’ ಎಂದು ಅಚ್ಚಾದ ಇಂಗ್ಲಿಷ್ ಪುಸ್ತಕ ಈ ಮಗುವಿನ ಕೈಗೆ ಬರುವಾಗ ಅದು ಮೂರನೆಯದೋ ನಾಲ್ಕನೆಯದೋ ಆಗಿರುತ್ತದೆ. ಇದನ್ನು ದುರದೃಷ್ಟವೆಂದು ಹೇಳುವವರಿದ್ದಾರೆ. ಮೂರು ಭಾಷೆಗಳ ನಡುವೆ ದಾರಿ ಮಾಡಿಕೊಂಡ ಮಗುವಿಗೆ ನಾಲ್ಕನೆಯದು ಹೊಸ ಸಂಗತಿಯಲ್ಲ, ಅದು ಅದರ ಬಂಡವಾಳ ಎಂದು ಕಾಣುವ ಶಿಕ್ಷಕರೂ ಇದ್ದಾರೆ. ಉತ್ತಮ ಶಿಕ್ಷಕರನ್ನು ಗುರುತಿಸುವ ಮೊದಲ ಲಕ್ಷಣ ಇಲ್ಲೇ ಸಿಗುತ್ತದೆ.

ಒಂದು ಉದಾಹರಣೆ ನೋಡಬಹುದು. ಈ ಕಡೆಯ ಮಗು ಇಂಗ್ಲಿಷಿನಲ್ಲಿ ‘ಮೈ ಟೀಚರ್ ಆರ್ ಕಮಿಂಗ್’ ಎಂದರೆ ವ್ಯಾಕರಣ ಪುಸ್ತಕದ ಪ್ರಕಾರ ತಪ್ಪು, ಕೆಂಪು ಶಾಯಿಯ ಗೀಟು. ಆದರೆ ಮಗು ಏಕೆ ಹಾಗೆ ಹೇಳಿತು? ಕನ್ನಡದಲ್ಲಿ ‘ಮಾಸ್ತರರು ಬರುತ್ತಿದ್ದಾರೆ’ ಎನ್ನಬೇಕು, ‘ಬರುತ್ತಿದ್ದಾನೆ’ ಎಂದರೆ ಮನೆಯಲ್ಲಿ ಬೈಗುಳ ಬೀಳುತ್ತದೆ. ಒಬ್ಬರಿಗೇ ಬಹುವಚನ ಹಚ್ಚುವ ಮರ್ಯಾದೆಯನ್ನು ಮಗು ಇಂಗ್ಲಿಷಿಗೆ ಕೊಂಡೊಯ್ದಿದೆ. ಇನ್ನೊಂದು ಮಗು ತನ್ನ ತಂಗಿಯನ್ನು ‘ಇಟ್’ ಎನ್ನುತ್ತದೆ. ತರಗತಿ ನಗುತ್ತದೆ. ಗೋವೆ–ಕಾರವಾರದ ಕೊಂಕಣಿಯಲ್ಲಿ ಚಿಕ್ಕ ಹುಡುಗಿಯನ್ನು ನಪುಂಸಕ ಲಿಂಗದಲ್ಲಿ ಹೇಳುವುದೇ ರೂಢಿ. ಹವ್ಯಕರ ಮನೆಮಾತಿನಲ್ಲೂ ಹೆಣ್ಣುಮಕ್ಕಳಿಗೆ ‘ಅದು’ ಎನ್ನುವುದುಂಟು. ಕನ್ನಡದಲ್ಲಿ ‘ಎ’, ‘ದಿ’ಗಳಿಲ್ಲ, ಕ್ರಿಯಾಪದ ವಾಕ್ಯದ ಕೊನೆಗೆ ಬರುತ್ತದೆ, ಹಸಿವೆ ‘ನನಗೆ’ ಆಗುತ್ತದೆಯೇ ಹೊರತು ‘ನಾನು’ ಹಸಿವೆಯಲ್ಲ. ಮಗುವಿನ ಬಹಳಷ್ಟು ತಪ್ಪುಗಳು ದಡ್ಡತನದಿಂದ ಬಂದವಲ್ಲ, ತನ್ನ ಭಾಷೆಯನ್ನು ಚೆನ್ನಾಗಿ ಬಲ್ಲದ್ದರಿಂದ ಬಂದವು. ಕೊಂಕಣಿಯನ್ನೂ ಕನ್ನಡವನ್ನೂ ಬಲ್ಲ ಅಕ್ಕೋರು ಈ ತಪ್ಪಿನ ಬೇರನ್ನು ಅರ್ಧ ನಿಮಿಷದಲ್ಲಿ ಕಂಡುಹಿಡಿಯುತ್ತಾರೆ. ಬರೀ ಇಂಗ್ಲಿಷ್ ಬಲ್ಲವರು ಗೀಟು ಎಳೆದು ಮುಂದೆ ಹೋಗುತ್ತಾರೆ. ಶಾಲೆಗೆ ಇಂಗ್ಲಿಷ್ ಬರಬೇಕೆಂದರೆ ಕನ್ನಡವನ್ನು ಹೊಸಿಲಾಚೆ ಬಿಟ್ಟು ಬರಬೇಕೆನ್ನುವ ಪಟ್ಟಣದ ಶಾಲೆಗಳ ದಂಡದ ನಿಯಮಗಳು ಎಷ್ಟು ಕುರುಡು ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಕರ್ನಾಟಕದಲ್ಲೇ ನಡೆದ, ಕರ್ನಾಟಕದವರೇ ಹೆಚ್ಚಾಗಿ ಕೇಳದ ಒಂದು ಪ್ರಯೋಗವನ್ನು ಇಲ್ಲಿ ಸ್ವಲ್ಪ ವಿವರವಾಗಿ ಹೇಳಬೇಕು. ಇಂಗ್ಲಿಷ್ ಬೋಧನೆಯ ಬಗ್ಗೆ ಪ್ರಪಂಚದ ಯಾವ ಮೂಲೆಯಲ್ಲಿ ತರಬೇತಿ ನಡೆದರೂ ‘ಬೆಂಗಳೂರು ಪ್ರಯೋಗ’ ಎಂಬ ಮಾತು ಬಂದೇ ಬರುತ್ತದೆ. ಬೆಂಗಳೂರಿನಲ್ಲಿ 1963ರಿಂದ ದಕ್ಷಿಣ ಭಾರತದ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆ ಇದೆ. ಆ ಸಂಸ್ಥೆಯ ಆಶ್ರಯದಲ್ಲಿ, ಬ್ರಿಟಿಷ್ ಕೌನ್ಸಿಲ್‌ನಲ್ಲಿದ್ದ ಎನ್.ಎಸ್. ಪ್ರಭು ಅವರು 1979ರಿಂದ 1984ರವರೆಗೆ ದಕ್ಷಿಣ ಭಾರತದ ಕೆಲವು ಸಾಮಾನ್ಯ ಶಾಲೆಗಳಲ್ಲಿ ಒಂದು ಹೊಸ ರೀತಿಯ ಪಾಠ ನಡೆಸಿದರು.

ಆವರೆಗಿನ ಕ್ರಮವೆಂದರೆ ಒಂದು ವಾಕ್ಯದ ಅಚ್ಚು ತೆಗೆದುಕೊಂಡು ಅದನ್ನೇ ಇಡೀ ತರಗತಿಯಿಂದ ಹತ್ತು ಸಲ ಹೇಳಿಸುವುದು. ಮಕ್ಕಳು ಗಿಳಿಯಂತೆ ಒಪ್ಪಿಸುತ್ತಿದ್ದರು, ಬಾಗಿಲಾಚೆ ಹೋದರೆ ಒಂದು ಮಾತೂ ಬರುತ್ತಿರಲಿಲ್ಲ. ಪ್ರಭು ಅವರು ವ್ಯಾಕರಣದ ಪಟ್ಟಿಯನ್ನು ಬದಿಗಿಟ್ಟು ಮಕ್ಕಳ ಮುಂದೆ ಸಮಸ್ಯೆಗಳನ್ನಿಟ್ಟರು: ಒಂದು ನಕ್ಷೆ, ಒಂದು ರೈಲು ವೇಳಾಪಟ್ಟಿ, ಒಂದಿಷ್ಟು ನಿಯಮಗಳು. ಮೊದಲು ಶಿಕ್ಷಕರು ಇಡೀ ತರಗತಿಯೊಂದಿಗೆ ಅಂಥದೇ ಒಂದು ಸಮಸ್ಯೆಯನ್ನು ಬಾಯಿಮಾತಿನಲ್ಲಿ ಬಿಡಿಸುವುದು, ಆಮೇಲೆ ಪ್ರತಿ ಮಗು ಇನ್ನೊಂದನ್ನು ತಾನೇ ಬಿಡಿಸುವುದು. ಅಂಕ ಉತ್ತರ ಸರಿಯಾದದ್ದಕ್ಕೆ. ಮನಸ್ಸು ಅರ್ಥದ ಬೆನ್ನು ಹತ್ತಿದಾಗ ಭಾಷೆಯ ರೂಪ ಅರಿವಿಲ್ಲದೆ ಒಳಗೆ ಇಳಿಯುತ್ತದೆ ಎಂಬುದು ಅವರ ನಂಬಿಕೆ. 1987ರಲ್ಲಿ ಆಕ್ಸ್‌ಫರ್ಡ್ ಪ್ರಕಟಿಸಿದ ಅವರ ಪುಸ್ತಕದಲ್ಲಿ ಇದರ ವಿವರವಿದೆ. ಪ್ರಪಂಚದಲ್ಲಿ ಈಗ ‘ಕಾರ್ಯಾಧಾರಿತ ಬೋಧನೆ’ ಎಂದು ಕರೆಯುವ ವಿಧಾನದ ಹಿರಿಯ ಬೇರುಗಳಲ್ಲೊಂದು ಇಲ್ಲಿದೆ.

ಹಾರವಾಡದ ತರಗತಿಯಲ್ಲಿ ಇದನ್ನು ಮಾಡಲು ದುಬಾರಿ ಸಾಮಗ್ರಿ ಏನೂ ಬೇಡ. 1998ರಲ್ಲಿ ಪೂರ್ಣಗೊಂಡ ಕೊಂಕಣ ರೈಲ್ವೆಯಲ್ಲಿ ಈ ಊರಿಗೂ ಒಂದು ಸಣ್ಣ ನಿಲ್ದಾಣವಿದೆ. ಹೆಚ್ಚಿನ ವೇಗದ ಗಾಡಿಗಳು ಇಲ್ಲಿ ನಿಲ್ಲುವುದಿಲ್ಲ. ಹಾರವಾಡದವನು ಮಧ್ಯಾಹ್ನದೊಳಗೆ ಮಡಗಾಂವ ಮುಟ್ಟಬೇಕಾದರೆ ಇಲ್ಲಿಂದಲೇ ಹತ್ತಬೇಕೋ, ಬಸ್ಸಿನಲ್ಲಿ ಕಾರವಾರಕ್ಕೆ ಹೋಗಿ ಹತ್ತಬೇಕೋ? ತಪ್ಪಿದರೆ ಮುಂದಿನ ಗಾಡಿ ಯಾವುದು? ಇಂಗ್ಲಿಷ್ ವೇಳಾಪಟ್ಟಿ ಹಿಡಿದು ಇದನ್ನು ಬಿಡಿಸುವ ಮಗು ‘ಬಿಫೋರ್’, ‘ಆಫ್ಟರ್’, ‘ಅನ್‌ಲೆಸ್’ಗಳನ್ನು ಬಾಯಿಪಾಠ ಮಾಡದೆಯೇ ಕಲಿಯುತ್ತದೆ.

ಪ್ರಯೋಗಕ್ಕೆ ಟೀಕೆ ಬರಲಿಲ್ಲವೆಂದಲ್ಲ. ಅಲನ್ ಬೆರೆಟ್ಟಾ ಮತ್ತು ಅಲನ್ ಡೇವಿಸ್ 1985ರಲ್ಲಿ ಪ್ರಕಟಿಸಿದ ಮೌಲ್ಯಮಾಪನ ಅದರ ಪರವಾಗಿಯೇ ಇತ್ತು, ಆದರೆ ಎಚ್ಚರಿಕೆಯ ಮಾತುಗಳೊಂದಿಗೆ. ಪರಿಣತರ ಕೈಯಲ್ಲಿ ಸಲೀಸಾಗಿ ಸಾಗಿದ ಪಾಠ ಶಾಲೆಯ ಸಾಮಾನ್ಯ ಶಿಕ್ಷಕರಿಗೆ ಕಷ್ಟವಾಯಿತೆಂದು ಮುಂದೆ ಪರಿಶೀಲಿಸಿದವರು ಹೇಳಿದ್ದೂ ಉಂಟು. ಅದು ಸಹಜ. ಪುಸ್ತಕದಲ್ಲಿರುವ ವಾಕ್ಯವನ್ನು ಹೇಳಿಸಲು ಆ ವಾಕ್ಯ ಬಂದರೆ ಸಾಕು, ಮಗು ಅನಿರೀಕ್ಷಿತವಾಗಿ ಕೇಳಿದ್ದಕ್ಕೆ ಉತ್ತರಿಸಲು ಭಾಷೆಯೇ ಬರಬೇಕು. ಕನ್ನಡ ಮಾಧ್ಯಮದಲ್ಲೇ ಓದಿ, ಇಂಗ್ಲಿಷ್ ಮಾತಾಡುವ ಅವಕಾಶ ಹೆಚ್ಚು ಸಿಗದ ಶಿಕ್ಷಕರನ್ನು ತರಗತಿಗೆ ಕಳಿಸಿ, ಇಂಗ್ಲಿಷ್ ಏಕೆ ಬರಲಿಲ್ಲವೆಂದು ಅವರನ್ನೇ ಕೇಳುವುದು ನ್ಯಾಯವಲ್ಲ. ಪ್ರಭು ಅವರೇ 1990ರ ಲೇಖನವೊಂದರಲ್ಲಿ ಎಲ್ಲರಿಗೂ ಸಲ್ಲುವ ಒಂದೇ ಶ್ರೇಷ್ಠ ವಿಧಾನ ಇಲ್ಲವೆಂದು ವಾದಿಸಿದರು. ವಿಧಾನಕ್ಕಿಂತ ಮುಖ್ಯವಾದದ್ದು, ಈ ಪಾಠದಿಂದ ಈ ಮಗು ಕಲಿಯುತ್ತಿದೆಯೇ ಎಂದು ಶಿಕ್ಷಕರಿಗೆ ಒಳಗಿನಿಂದ ಹೊಳೆಯುವ ತಿಳಿವು. ಅದು ಯಂತ್ರದಂತೆ ನಡೆಸುವ ಪಾಠದಲ್ಲಿ ಸಾಯುತ್ತದೆ. ಹೊಸ ವಿಧಾನವೊಂದನ್ನು ಕಂಡುಹಿಡಿದು ಹೆಸರಾದವರೇ ಹೀಗೆ ಹೇಳಿದರೆಂಬುದು ಗಮನಿಸತಕ್ಕದ್ದು.

ಈ ತಿಳಿವನ್ನು ಪ್ರಶಸ್ತಿಯ ತಕ್ಕಡಿ ಹೇಗೆ ತೂಗಬೇಕು?

ಶಿಕ್ಷಕರಿಗೆ ರಾಷ್ಟ್ರ ಪ್ರಶಸ್ತಿ ಕೊಡುವ ಪದ್ಧತಿ 1958ರಲ್ಲಿ ಆರಂಭವಾಯಿತು. 1962ರಿಂದ ರಾಧಾಕೃಷ್ಣನ್ ಅವರ ಜನ್ಮದಿನವಾದ ಸೆಪ್ಟೆಂಬರ್ 5 ಶಿಕ್ಷಕರ ದಿನವಾಯಿತು. ಅದೇ ರಾಧಾಕೃಷ್ಣನ್ 1921ರಲ್ಲಿ ಮೈಸೂರು ಬಿಟ್ಟು ಕಲ್ಕತ್ತೆಗೆ ಹೊರಟಾಗ ವಿದ್ಯಾರ್ಥಿಗಳು ಸಾರೋಟಿನ ಕುದುರೆ ಬಿಚ್ಚಿ ತಾವೇ ಎಳೆದುಕೊಂಡು ರೈಲ್ವೆ ನಿಲ್ದಾಣಕ್ಕೆ ಹೋದರು. ಅದಕ್ಕೆ ಅವರು ಅರ್ಜಿ ಹಾಕಿರಲಿಲ್ಲ. ಇವತ್ತಿನ ಶಿಕ್ಷಕ ತನ್ನ ಸಾಧನೆಯ ಕಡತವನ್ನು ತಾನೇ ಕಟ್ಟಿ, ಫೋಟೋ ಅಂಟಿಸಿ, ಪ್ರಮಾಣಪತ್ರ ಲಗತ್ತಿಸಿ ಕಳಿಸಬೇಕು. 2018ರಲ್ಲಿ ಕೇಂದ್ರ ಸರಕಾರ ರಾಷ್ಟ್ರ ಪ್ರಶಸ್ತಿಗಳನ್ನು 45ಕ್ಕೆ ಇಳಿಸಿ, ಶಿಕ್ಷಕರು ನೇರವಾಗಿ ಆನ್‌ಲೈನಿನಲ್ಲಿ ಅರ್ಜಿ ಹಾಕುವ ಏರ್ಪಾಡು ಮಾಡಿತು. ಶಿಫಾರಸಿನ ಕಾಟ ತಪ್ಪಿತೆಂಬುದು ನಿಜ. ಆದರೆ ಒಳ್ಳೆಯ ಶಿಕ್ಷಕರಲ್ಲಿ ಅನೇಕರಿಗೆ ತಮ್ಮ ಹೊಗಳಿಕೆಯನ್ನು ತಾವೇ ಬರೆಯಲು ಕೈ ಬರುವುದಿಲ್ಲ.

ಶಾಲೆಯ ಮಟ್ಟದಲ್ಲಿ ಇಂಗ್ಲಿಷ್ ಶಿಕ್ಷಕರನ್ನು ಅಳೆಯುವುದು ಹತ್ತನೆಯ ಇಯತ್ತೆಯ ಶೇಕಡಾವಾರು ಫಲಿತಾಂಶದಿಂದ. ಈ ಲೆಕ್ಕದಲ್ಲಿ ಮನೆಯಲ್ಲೇ ಇಂಗ್ಲಿಷ್ ಪತ್ರಿಕೆ ಬರುವ ಮಕ್ಕಳಿಗೆ ಕಲಿಸಿದವರು ಮುಂದೆ, ರಂಪಣಿ ಬಲೆ ಎಳೆಯುವವರ ಮಕ್ಕಳಿಗೆ ಕಲಿಸಿದವರು ಹಿಂದೆ. ಎಂಟನೇ ಇಯತ್ತೆಗೆ ಬಂದಾಗ ಅಕ್ಷರ ಕೂಡಿಸಲೂ ಬಾರದಿದ್ದ ಹುಡುಗ ಹತ್ತಕ್ಕೆ ಬರುವಷ್ಟರಲ್ಲಿ ಒಂದು ಅರ್ಜಿಯನ್ನು ತಾನೇ ಬರೆಯುವಂತಾದರೆ ಆ ಶಿಕ್ಷಕರು ಕ್ರಮಿಸಿದ ದಾರಿ ದೊಡ್ಡದು. ಶೇಕಡಾವಾರು ಲೆಕ್ಕಕ್ಕೆ ಸಿಗುವುದು ತಲುಪಿದ ಜಾಗ ಮಾತ್ರ, ಹೊರಟ ಜಾಗವಲ್ಲ.

ಈ ಮಾತಿಗೆ ಇವತ್ತು ತುರ್ತು ಇದೆ. ಪ್ರಾಥಮಿಕ ಹಂತದಲ್ಲಿ ಮಾತೃಭಾಷಾ ಮಾಧ್ಯಮವನ್ನು ಕಡ್ಡಾಯಗೊಳಿಸಿದ ಕರ್ನಾಟಕದ 1994ರ ಆದೇಶ 2014ರಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠದಲ್ಲಿ ಬಿದ್ದುಹೋಯಿತು. 2019–20ರಲ್ಲಿ ಸರಕಾರವೇ ಸಾವಿರ ಸರಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮ ತೆರೆಯಿತು. ಸಾಹಿತಿಗಳು ಪ್ರತಿಭಟಿಸಿದರು. ಪಾಲಕರು ಪ್ರತಿಭಟಿಸಲಿಲ್ಲ, ಮಕ್ಕಳ ಹೆಸರು ಹಚ್ಚಿದರು. ಈ ಕರಾವಳಿಯ ಪಾಲಕರನ್ನು ದೂರುವುದು ಸುಲಭ. ಆದರೆ 1986ರಲ್ಲಿ ಅಡಿಗಲ್ಲು ಹಾಕಿದ ಸೀಬರ್ಡ್ ನೌಕಾನೆಲೆಗೆ ಕಾರವಾರ–ಅಂಕೋಲಾ ದಂಡೆಯ ಊರುಗಳು ಜಾಗ ಬಿಟ್ಟುಕೊಟ್ಟವು. ಕೈಗಾ ಬಂತು, ರೈಲು ಬಂತು. ಹೊಲ, ದಂಡೆ ಕಳೆದುಕೊಂಡವರ ಮಕ್ಕಳು ಅದೇ ನೆಲದಲ್ಲಿ ಎದ್ದ ಕಚೇರಿಗಳ ಮುಂದೆ ಕೆಲಸ ಕೇಳಲು ನಿಂತಾಗ ಇಂಗ್ಲಿಷಿನ ತೂಕ ಅವರಿಗೆ ಪುಸ್ತಕ ಓದಿ ತಿಳಿಯಬೇಕಾಗಿರಲಿಲ್ಲ.

ಪಾಲಕರಿಗೆ ಬೇಕಾದದ್ದು ಇಂಗ್ಲಿಷ್. ಅವರಿಗೆ ಸಿಗುತ್ತಿರುವುದು ಇಂಗ್ಲಿಷ್ ಮಾಧ್ಯಮ. ಎರಡೂ ಒಂದೇ ಅಲ್ಲ. ವಿಜ್ಞಾನ, ಗಣಿತ, ಸಮಾಜವನ್ನು ತಿಳಿಯುವ ಭಾಷೆಯಲ್ಲಿ ಓದಿ, ಇಂಗ್ಲಿಷನ್ನು ಒಂದು ಭಾಷೆಯಾಗಿ ಗಟ್ಟಿಯಾಗಿ ಕಲಿತರೆ ಎರಡೂ ಬಂದಾವು ಎಂಬುದಕ್ಕೆ ಗೌರೀಶರ, ದಿನಕರರ ಜಿಲ್ಲೆಗೆ ಪುರಾವೆ ಬೇಡ. ಆದರೆ ಪಾಲಕ ಅದನ್ನು ನಂಬಬೇಕಾದರೆ ಊರಿನ ಕನ್ನಡ ಶಾಲೆಯಲ್ಲಿ ನಿಜವಾಗಿ ಇಂಗ್ಲಿಷ್ ಕಲಿಸುವ ಒಬ್ಬ ಮಾಸ್ತರರೋ ಅಕ್ಕೋರೋ ಇರಬೇಕು, ಇದ್ದಾರೆಂದು ಊರಿಗೆ ಗೊತ್ತಾಗಬೇಕು. ಕನ್ನಡ ಶಾಲೆಯ ಬಾಗಿಲು ಮುಚ್ಚದಂತೆ ಹಿಡಿದು ನಿಂತಿರುವವರು ಇವತ್ತು ಕನ್ನಡ ಪಂಡಿತರಿಗಿಂತ ಹೆಚ್ಚಾಗಿ ಇಂಗ್ಲಿಷ್ ಶಿಕ್ಷಕರು. ಅವರನ್ನು ಗೌರವಿಸುವುದು ಕನ್ನಡದ ಕೆಲಸವೇ.

ಗೌರವ ಎಂದರೆ ಶಾಲು, ಹಣ್ಣಿನ ಬುಟ್ಟಿ ಮಾತ್ರವಾದರೆ ಮರುದಿನ ಹಣ್ಣು ಮುಗಿಯುತ್ತದೆ. ಬೆಂಗಳೂರಿನ ಪ್ರಾದೇಶಿಕ ಸಂಸ್ಥೆಯ ತರಬೇತಿಗೆ ಹೋಗಲು ರಜೆ, ಅವರ ಬದಲಿಗೆ ಪಾಠ ಮಾಡುವವರ ವ್ಯವಸ್ಥೆ, ತರಗತಿಗೊಂದು ಕಪಾಟು ಸರಳ ಇಂಗ್ಲಿಷ್ ಕತೆ ಪುಸ್ತಕ, ಬಿಸಿಯೂಟದ ಲೆಕ್ಕ ಮತ್ತು ಗಣತಿಯ ಕೆಲಸದಿಂದ ಸ್ವಲ್ಪ ಬಿಡುವು, ಸುತ್ತಲಿನ ನಾಲ್ಕೈದು ಶಾಲೆಗಳ ಇಂಗ್ಲಿಷ್ ಶಿಕ್ಷಕರು ತಿಂಗಳಿಗೊಮ್ಮೆ ಕೂಡಿ ತಮ್ಮ ತಮ್ಮ ಪಾಠ ಹೇಳಿಕೊಳ್ಳುವ ಒಂದು ಮಧ್ಯಾಹ್ನ: ಇವೂ ಸನ್ಮಾನವೇ. ಇನ್ನು ಆಯ್ಕೆ ಮಾಡುವವರು ಕಡತ ತಿರುವುವುದಕ್ಕೆ ಮೊದಲು ತಿಳಿಸದೆ ಒಂದು ತರಗತಿಯಲ್ಲಿ ಹಿಂದಿನ ಬೆಂಚಿನ ಮೇಲೆ ಕುಳಿತು ನೋಡಲಿ. ಸಮಿತಿಯಲ್ಲಿ ಅಧಿಕಾರಿಗಳ ಜೊತೆಗೆ ಆ ಶಾಲೆಯ ಹಳೆಯ ವಿದ್ಯಾರ್ಥಿಯೊಬ್ಬನೂ ಇರಲಿ. ಮೊದಲ ಸಲ ಇಂಗ್ಲಿಷಿನಲ್ಲಿ ನಪಾಸಾಗಿ ಎರಡನೇ ಸಲ ಪಾಸಾದವನಾದರೆ ಇನ್ನೂ ಒಳ್ಳೆಯದು.